ಒಂದೇ ಗುಹೆಯ ಬಾವಲಿ ಪಕ್ಕದ ಗುಹೆಗೆ ಏಕೆ ಹೋಗುವುದಿಲ್ಲ?

ಪ್ರಶ್ನೆ: ಕ್ಯೂಬಾ ದ್ವೀಪದಲ್ಲಿ ಮಾತ್ರ, ಅದೂ ಒಂದೇ ಒಂದು ಗುಹೆಯಲ್ಲಿ ಉಳಿದಿರುವ ಬಾವಲಿಯ ವಿಷಯ ಓದಿದೆ. ರೆಕ್ಕೆಯಿರುವ ಪ್ರಾಣಿ ಪಕ್ಕದ ಗುಹೆಗೂ ಹೋಗದಿರಲು ಕಾರಣವೇನು? ನಮ್ಮ ತೋಟದ ಸುರಂಗದಲ್ಲಿಯೂ ಬಾವಲಿಗಳಿವೆ. ಅವೂ ಅಂಥ ಅಪರೂಪದವು ಆಗಿರಬಹುದೇ? ನಿಪಾ ರೋಗದ ಭಯದಿಂದ ಹೊಗೆ ಹಾಕಿ ಓಡಿಸೋಣವೆಂದು ಮನೆಯವರು ಹೇಳುತ್ತಿದ್ದಾರೆ.
(ಅಡಿಕೆ ಕೃಷಿಕರು, ಪೆರ್ಲ, ಕಾಸರಗೋಡು ಜಿಲ್ಲೆ)

ಉತ್ತರ: ತಾವು ಓದಿದ ಬಾವಲಿಯ ವೈಜ್ಞಾನಿಕ ಹೆಸರು ನಟಾಲಸ್ ಪ್ರೈಮಸ್. ಆಲಿಕೆಯಾಕಾರದ ಕಿವಿಗಳುಳ್ಳ, ಕೀಟಗಳನ್ನು ತಿಂದು ಬದುಕುವ ಈ ಪುಟ್ಟ ಪ್ರಾಣಿ ವಿಜ್ಞಾನಕ್ಕೆ ಮೊದಲು ಪರಿಚಯವಾದದ್ದು ಎಲುಬುಗಳ ಮೂಲಕ. ಅಮೆರಿಕದ ಪ್ರಾಣಿವಿಜ್ಞಾನಿ ಹೆರಾಲ್ಡ್ ಆಂಥನಿ ಅವರು ಕ್ಯೂಬಾದ ಗುಹೆಯೊಂದರ ಪಳೆಯುಳಿಕೆಗಳನ್ನು ಪರಿಶೀಲಿಸಿ 1919ರಲ್ಲಿ ಇದಕ್ಕೆ ಹೆಸರಿಟ್ಟರು. ಇದು ಎಂದೋ ಅಳಿದುಹೋಗಿದೆ ಎಂದು ಬಹುಕಾಲ ನಂಬಲಾಗಿತ್ತಾದರೂ, 1992ರಲ್ಲಿ ದ್ವೀಪದ ಪಶ್ಚಿಮ ತುದಿಯ ಗ್ವಾನಹಕಬಿಬೆಸ್ ಪರ್ಯಾಯದ್ವೀಪದಲ್ಲಿರುವ ಲಾ ಬಾರ್ಕಾ ಗುಹೆಯಲ್ಲಿ ಇದರ ಜೀವಂತ ಗುಂಪು ಕಾಣಸಿಕ್ಕಿತು. ಈಗ ಇರುವುದು ಕೆಲವು ನೂರು ಬಾವಲಿಗಳು ಮಾತ್ರ.

ಸುಣ್ಣಕಲ್ಲಿನ ನಾಡಾದ ಕ್ಯೂಬಾದಲ್ಲಿ ಗುಹೆಗಳಿಗೆ ಬರವಿಲ್ಲ, ಆದರೆ ಈ ಬಾವಲಿಗೆ ಎಲ್ಲ ಗುಹೆಗಳೂ ಒಗ್ಗುವುದಿಲ್ಲ. ಪುಟ್ಟ ಮೈಗೆ ಹೋಲಿಸಿದರೆ ಇದರ ರೆಕ್ಕೆಯ ತೊಗಲು ಅತಿ ವಿಶಾಲ ಮತ್ತು ತೆಳು. ಒಣಗಾಳಿಯಲ್ಲಿ ಆ ತೊಗಲಿನ ಮೂಲಕ ಮೈಯ ನೀರು ಬೇಗ ಆವಿಯಾಗಿ ಹೋಗುವುದರಿಂದ, ಹಗಲಿಡೀ ತಂಗಲು ಇದಕ್ಕೆ ಹಂಡೆಯಡಿ ಬೆಂಕಿ ಉರಿಯುವ ಬಚ್ಚಲುಮನೆಯಂತೆ ಬಿಸಿಯೂ ತೇವವೂ ತುಂಬಿದ ಕೋಣೆಯೇ ಬೇಕು. ಗುಹೆಯ ಒಳಭಾಗದಲ್ಲಿ ಇಕ್ಕಟ್ಟಾದ ಒಂದೇ ದಾರಿಯುಳ್ಳ ಕೋಣೆಯಿದ್ದು, ಅದರಲ್ಲಿ ಹಲವು ಜಾತಿಯ ಬಾವಲಿಗಳು ಭಾರೀ ಸಂಖ್ಯೆಯಲ್ಲಿ ಸೇರಿದಾಗ, ಅವುಗಳ ಮೈಕಾವು ಹೊರಹೋಗದೆ ಒಳಗೇ ನಿಲ್ಲುತ್ತದೆ. ಇಂಥ ಕೋಣೆಗಳ ಉಷ್ಣತೆ ಕೆಲವೊಮ್ಮೆ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವುದುಂಟು. ಬಾವಲಿಗಳು ಬಂದದ್ದರಿಂದ ಕೋಣೆ ಬಿಸಿಯಾಯಿತೋ, ಬಿಸಿಯಿದ್ದುದರಿಂದ ಬಾವಲಿಗಳು ಬಂದವೋ ಎಂದು ಕೇಳಿದರೆ ಎರಡೂ ನಿಜವೆನ್ನಬೇಕಾಗುತ್ತದೆ. ಹಿಂದೊಮ್ಮೆ ಈ ಜಾತಿ ದ್ವೀಪದ ಹಲವೆಡೆ ಇದ್ದುದಕ್ಕೆ ಎಲುಬುಗಳೇ ಸಾಕ್ಷಿ. ಕಾಲಕ್ರಮದಲ್ಲಿ ಗುಹೆಗಳು ಕುಸಿದೋ ಬಾಯಿ ಅಗಲವಾಗಿಯೋ ಬಿಸಿ ಕಳೆದುಕೊಂಡದ್ದು ಇದರ ನೆಲೆ ಕುಗ್ಗಲು ಕಾರಣವಾಗಿರಬಹುದೆಂಬುದು ತಜ್ಞರ ಊಹೆ. ಜನ ಅಡಿಗಡಿಗೆ ಒಳನುಗ್ಗಿ ಬಾವಲಿಗಳನ್ನು ಎಬ್ಬಿಸಿದರೂ ಉಳಿದಿರುವ ಕೋಣೆಯ ಕಾವು ಕೆಡಬಹುದು.

ತಮ್ಮ ಸುರಂಗದ ಬಾವಲಿಗಳು ದಕ್ಷಿಣ ಭಾರತದಲ್ಲೆಲ್ಲ ಕಾಣುವ ಸಾಮಾನ್ಯ ಜಾತಿಯವೇ ಆಗಿರುವ ಸಾಧ್ಯತೆ ಹೆಚ್ಚು. ಮುರಕಲ್ಲಿನ ಗುಡ್ಡಕ್ಕೆ ನೀರಿಗಾಗಿ ಮನುಷ್ಯರು ಅಡ್ಡಲಾಗಿ ಕೊರೆದ ಸುರಂಗವು ಕತ್ತಲೆ ಮತ್ತು ತಂಪನ್ನು ಬಯಸುವ ಬಾವಲಿಗಳಿಗೆ ಹೇಳಿಮಾಡಿಸಿದ ಜಾಗ. ಹಾಗೆಂದು ಅಪರೂಪದ ಬಾವಲಿಯನ್ನು ನೋಡಲು ಕಡಲು ದಾಟಬೇಕಾಗಿಲ್ಲ: ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಗುಹೆಯಲ್ಲಿ ಉಳಿದಿರುವ ಹಿಪ್ಪೊಸಿಡೆರಸ್ ಹೈಪೊಫಿಲಸ್ ಎಂಬ ಬಾವಲಿಯ ಸಂಖ್ಯೆ 200ಕ್ಕೂ ಕಡಿಮೆ. ಅಲ್ಲಿ ಅದಕ್ಕೆ ಕಂಟಕವಾದದ್ದು ಕಲ್ಲುಗಣಿಗಾರಿಕೆ.

ನಿಪಾ ಕುರಿತ ಭಯ ಕೇರಳದಲ್ಲಿ 2018ರಿಂದ ಈಚೆಗೆ ಕಂಡದ್ದನ್ನು ನೆನೆದರೆ ಸಹಜವೇ. ಆ ವೈರಾಣುವಿನ ಮುಖ್ಯ ನೆಲೆ ದೊಡ್ಡ ಮರಗಳಲ್ಲಿ ತೂಗಾಡುವ ದೊಡ್ಡ ಹಣ್ಣುಬಾವಲಿಗಳು. ಆದರೆ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ ಗುಹೆಯಲ್ಲಿ ತಂಗುವ ಹಣ್ಣುಬಾವಲಿಗಳಲ್ಲಿಯೂ ಅದರ ಸುಳಿವು ದೊರೆತಿರುವುದರಿಂದ, ಸುರಂಗದವುಗಳಿಂದ ಅಪಾಯವೇ ಇಲ್ಲವೆಂದು ಹೇಳಲಾಗದು. ಹೊಗೆ ಹಾಕುವುದು ಮಾತ್ರ ಎಲ್ಲಕ್ಕಿಂತ ಕೆಟ್ಟ ಉಪಾಯ. ಗಾಬರಿಗೊಂಡ ಬಾವಲಿಗಳು ಮನೆಯ ಮಾಡಿಗೋ ಕೊಟ್ಟಿಗೆಗೋ ನುಗ್ಗಿಯಾವು, ಹಾರಲಾರದ ಮರಿಗಳು ಒಳಗೇ ಸತ್ತು ನೀರನ್ನೂ ಕೆಡಿಸಿಯಾವು. ಸುರಂಗದ ನೀರನ್ನು ಒಸರುವಲ್ಲಿಂದಲೇ ಪೈಪಿನ ಮೂಲಕ ಮುಚ್ಚಿದ ಟ್ಯಾಂಕಿಗೆ ಹಾಯಿಸಿ, ಕುದಿಸಿ ಕುಡಿಯಿರಿ. ಬಾವಲಿ ಚೀಪಿ ಉದುರಿಸಿದ ಅಡಿಕೆಯನ್ನು ಹೆಕ್ಕುವವರು ಕೈಗವಸು ಹಾಕಿಕೊಂಡು, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಲಿ. ಒಣಗಿದ ಹಿಕ್ಕೆಯನ್ನು ಗುಡಿಸುವಾಗ ಧೂಳು ಏಳದಂತೆ ಮೊದಲು ನೀರು ಚಿಮುಕಿಸಿ, ಮೂಗುಬಾಯಿಗೆ ಮಾಸ್ಕ್ ಧರಿಸಬೇಕು.