ಕಲಬುರಗಿಯ ದಿನವಹಿ ಮಳೆಗೆ ಪರೇಟೊ ಮಾದರಿ (ಅಪರೂಪದ ಭಾರಿ ಮೌಲ್ಯಗಳಿಗೂ ಜಾಗ ಕೊಡುವ ಸಂಭವದ ಸೂತ್ರ) ಕೆ-ಎಸ್ ಪರೀಕ್ಷೆಯಲ್ಲಿ ಪಾಸಾಯಿತು; ಆದರೂ ಭಾರಿ ಮಳೆಯ ಅಂದಾಜು ಏಕೆ ತಪ್ಪುತ್ತಿದೆ?

ಮಾದರಿ ದತ್ತಾಂಶಕ್ಕೆ ಹೊಂದುತ್ತದೆಯೇ ಎಂದು ನೋಡುವ ಕೊಲ್ಮೊಗೊರೊವ್-ಸ್ಮಿರ್ನೊವ್ (ಕೆ-ಎಸ್) ಪರೀಕ್ಷೆಗೆ ಬಾಲದ, ಅಂದರೆ ಅಪರೂಪದ ಭಾರಿ ಮಳೆಯ ಕಡೆಯ, ತಪ್ಪು ಸುಲಭಕ್ಕೆ ಕಾಣುವುದಿಲ್ಲ, ಅದಕ್ಕೇ. ‘ಇಷ್ಟು ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ಸಂಭವ’ದಲ್ಲಿ ಮಾದರಿಗೂ ದತ್ತಾಂಶಕ್ಕೂ ಇರುವ ಅತಿ ದೊಡ್ಡ ಅಂತರವನ್ನಷ್ಟೇ ಅದು ನೋಡುತ್ತದೆ. ಬಾಲದಲ್ಲಿ ಎರಡೂ 1ರ ಹತ್ತಿರವೇ ಇರುತ್ತವೆ, ಹಾಗಾಗಿ ಅಂತರ ಚಿಕ್ಕದಾಗಿಯೇ ಕಾಣುತ್ತದೆ.

ನಿಮ್ಮ ಬಳಿ 400 ಮಳೆದಿನಗಳ ಲೆಕ್ಕವಿದೆ ಎನ್ನಿ. ಒಂದು ಮಿತಿ ದಾಟುವ ಮಳೆ ನೂರಕ್ಕೆ 1 ದಿನ ಎಂದು ಮಾದರಿ ಹೇಳುತ್ತದೆ, ನಿಜಕ್ಕೂ ಬಿದ್ದದ್ದು ನೂರಕ್ಕೆ 3 ದಿನ. ಮೂರು ಪಟ್ಟು ವ್ಯತ್ಯಾಸ! ಆದರೂ ಅಂತರ ಬರೀ 0.02. ಶೇ. 5ರ ಮಟ್ಟದಲ್ಲಿ ಮಾದರಿಯನ್ನು ತಳ್ಳಿಹಾಕಲು ಅದು 1.36/√400, ಅಂದರೆ 0.068 ದಾಟಬೇಕು. ಕಾಗಿಣಾ ನದಿಗೆ ಸೇತುವೆ ಕಟ್ಟುವವರಿಗೆ ಮುಖ್ಯವಾದದ್ದು ಆ 3 ದಿನಗಳೇ.

ಆಂಡರ್ಸನ್-ಡಾರ್ಲಿಂಗ್ ಪರೀಕ್ಷೆ ಬಳಸಿ. ಅದು ಅಂತರದ ವರ್ಗವನ್ನು ಸಂಭವ × (1 − ಸಂಭವ)ದಿಂದ ಭಾಗಿಸುವುದರಿಂದ ತುದಿಗಳಿಗೆ ತೂಕ ಬರುತ್ತದೆ.

ಇನ್ನೊಂದು ಮಾತು: ಮಾದರಿಯ ಘಾತವನ್ನು (ಬಾಲ ಎಷ್ಟು ಬೇಗ ಕುಗ್ಗುತ್ತದೆ ಎಂದು ಹೇಳುವ ಸಂಖ್ಯೆ) ಅದೇ ದತ್ತಾಂಶದಿಂದ ಅಂದಾಜಿಸಿದ್ದರೆ ಪುಸ್ತಕದ ಕೋಷ್ಟಕ ನಂಬಬೇಡಿ, ಪಿ-ಮೌಲ್ಯ (ಮಾದರಿ ಸರಿಯಿದ್ದರೂ ಇಷ್ಟು ದೊಡ್ಡ ಅಂತರ ಬರುವ ಸಂಭವ) ಹೆಚ್ಚಾಗಿ ತೋರುತ್ತದೆ. ಹೊಂದಿಸಿದ ಮಾದರಿಯಿಂದಲೇ ಸುಮಾರು 2500 ಕೃತಕ ದತ್ತಾಂಶ ತೆಗೆದು, ಪ್ರತಿಯೊಂದಕ್ಕೂ ಘಾತವನ್ನು ಹೊಸದಾಗಿ ಅಂದಾಜಿಸಿ (ಹಲವರು ಬಿಡುವುದು ಇದನ್ನೇ), ಎಷ್ಟರಲ್ಲಿ ಅಂತರ ನಿಮ್ಮದಕ್ಕಿಂತ ದೊಡ್ಡದು ಎಂದು ಎಣಿಸಿ. ಆ ಪಾಲೇ ಸರಿಯಾದ ಪಿ-ಮೌಲ್ಯ.