ಆಕಾರ ಸರಿಯಾಯಿತು, ರೋಗಿ ಏನಾದರು?

ಪತ್ರ: ಮಾನ್ಯ ಸಂಪಾದಕರೇ, ಹೃದಯ ವೈಫಲ್ಯದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಮಾತ್ರೆಗಳ ಪಟ್ಟಿಯಂತಿತ್ತು. ಹಿಗ್ಗಿದ ಹೃದಯವನ್ನು ಬಿಗಿದು ಮೊದಲಿನ ಆಕಾರಕ್ಕೆ ತಂದು, ರಕ್ತದ ಹರಿವು ಸರಿಪಡಿಸುವ ಸಾಧನಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಪಂಪುಗಳ ಜೊತೆ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರ್. ಪಂಪಿನ ಕವಚ ಹಿಗ್ಗಿದರೆ ಕವಚವನ್ನು ಸರಿಪಡಿಸಬೇಕೇ ಹೊರತು ಎಣ್ಣೆ ಬದಲಿಸುತ್ತ ಕೂರಬಾರದು. ನನ್ನ ಪರಿಚಿತರೊಬ್ಬರು ಇಂಥ ಸಾಧನ ಹಾಕಿಸಿಕೊಂಡು ಈಗ ಸಲೀಸಾಗಿ ಮೆಟ್ಟಿಲು ಹತ್ತುತ್ತಾರೆ. ಪತ್ರಿಕೆಗಳು ಹೊಸತಕ್ಕೆ ಹೆದರುವುದೇಕೆ? — ಒಬ್ಬ ಓದುಗ

ಸಂಪಾದಕರ ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿ ಕೋಪವೂ ಇದೆ, ಕಸುಬಿನ ತಿಳಿವೂ ಇದೆ. ಎರಡೂ ಒಟ್ಟಿಗಿರುವ ಪತ್ರಗಳು ಅಪರೂಪವಾದ್ದರಿಂದ ಈ ಬಾರಿಯ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ. ಉಳಿದ ಪತ್ರಲೇಖಕರು ಮನ್ನಿಸಬೇಕು.

ನಿಮ್ಮ ಭೌತಶಾಸ್ತ್ರ ಸರಿಯಾಗಿದೆ. ಒಳಗಿನ ಒತ್ತಡ ಅಷ್ಟೇ ಇದ್ದರೂ ಕೋಣೆ ಅಗಲವಾದಷ್ಟೂ, ಗೋಡೆ ತೆಳುವಾದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ ಎನ್ನುವ ಲಾಪ್ಲಾಸ್ ನಿಯಮವನ್ನು ಯಾರೂ ಅಲ್ಲಗಳೆಯುವುದಿಲ್ಲ. ಹೃದಯಾಘಾತದಲ್ಲಿ ಸ್ನಾಯುವಿನ ಒಂದು ಭಾಗ ಸತ್ತ ಮೇಲೆ ಮೈಗೆಲ್ಲ ರಕ್ತ ತಳ್ಳುವ ಎಡ ಕೆಳಕೋಣೆ, ಅಂದರೆ ಎಡ ಹೃತ್ಕುಕ್ಷಿ, ತನ್ನ ನೀಳ ಆಕಾರ ಬಿಟ್ಟು ದುಂಡಗಾಗುತ್ತದೆ. ಆ ಕೋಣೆಗೆ ರಕ್ತ ಬಿಡುವ ಮೈಟ್ರಲ್ ಕವಾಟದ ಎಸಳುಗಳು ಒಂದಕ್ಕೊಂದು ತಾಗದೆ ರಕ್ತ ಹಿಂದಕ್ಕೆ ಸೋರುತ್ತದೆ, ಆ ಸೋರಿಕೆಯಿಂದ ಕೋಣೆ ಇನ್ನಷ್ಟು ಹಿಗ್ಗುತ್ತದೆ. ಈ ಸುಳಿಯನ್ನು ಎಲ್ಲಾದರೂ ಕಡಿಯಬೇಕು ಎಂಬಲ್ಲಿಯವರೆಗೆ ನಾನೂ ನಿಮ್ಮ ಜೊತೆಗೇ ಇದ್ದೇನೆ. ಜಗಳ ಇರುವುದು ಅದರ ಮುಂದೆ.

1990ರ ದಶಕದಲ್ಲಿ ಬ್ರೆಜಿಲ್‌ನ ಶಸ್ತ್ರವೈದ್ಯ ರಾಂಡಾಸ್ ಬಟಿಸ್ಟಾ ನಿಮ್ಮ ಹಾಗೆಯೇ ಯೋಚಿಸಿದರು. ಕೋಣೆ ದೊಡ್ಡದಾಗಿದೆಯೇ? ಗೋಡೆಯಿಂದ ಒಂದು ತುಂಡು ಕತ್ತರಿಸಿ ತೆಗೆದು, ಅಂಚುಗಳನ್ನು ಸೇರಿಸಿ ಹೊಲಿದರಾಯಿತು. ಜಗತ್ತು ಬೆರಗಾಯಿತು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ತಜ್ಞರು ಇದನ್ನು 62 ರೋಗಿಗಳ ಮೇಲೆ ಮಾಡಿ, ಬೆನ್ನಿಗೇ ಮುಚ್ಚುಮರೆಯಿಲ್ಲದೆ ಲೆಕ್ಕ ಇಟ್ಟರು. ಮೂರು ವರ್ಷ ಕಳೆದಾಗ ಸಾವಾಗಲಿ ಹೃದಯ ಮತ್ತೆ ಸೋಲುವುದಾಗಲಿ ಇಲ್ಲದೆ ಉಳಿದವರು ಸುಮಾರು ಕಾಲು ಭಾಗ ಮಾತ್ರ. ಆ ಶಸ್ತ್ರಚಿಕಿತ್ಸೆ ಸದ್ದಿಲ್ಲದೆ ಮೂಲೆಗೆ ಸರಿಯಿತು.

ಆಮೇಲೆ ಬಂದದ್ದು ಪಾಲಿಯೆಸ್ಟರ್ ಬಲೆ. ಹಿಗ್ಗುವ ಹೃದಯಕ್ಕೆ ಹೊರಗಿನಿಂದ ಬಿಗಿಯಾಗಿ ತೊಡಿಸುವ ಬಲೆ, ಹೆಸರು ಕಾರ್‌ಕ್ಯಾಪ್. ಧ್ವನಿತರಂಗದಿಂದ ತೆಗೆಯುವ ಎಕೋ ಚಿತ್ರಗಳಲ್ಲಿ ಹೃದಯ ಚಿಕ್ಕದಾಗಿತ್ತು, ಸಾವಿನ ಪ್ರಮಾಣ ಮಾತ್ರ ಬಲೆ ಇಲ್ಲದವರಷ್ಟೇ ಇತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2005ರಲ್ಲಿ ಬೇಡ ಎಂದಿತು. ಅದರಲ್ಲಿ ಹೊಸತಕ್ಕೆ ಹೆದರಿದ್ದು ಏನಿದೆ ಎಂದು ನನಗೆ ತಿಳಿಯದು.

ನನ್ನ ಮನಸ್ಸಿನಿಂದ ಹೋಗದ ಪ್ರಯೋಗ ಮಾತ್ರ 2009ರಲ್ಲಿ ಪ್ರಕಟವಾದ ಸ್ಟಿಚ್. ರಕ್ತನಾಳದ ಬೈಪಾಸ್ ಮಾಡಿಸಿಕೊಳ್ಳಲಿದ್ದ ಸಾವಿರ ರೋಗಿಗಳು. ಅರ್ಧದಷ್ಟು ಜನರಿಗೆ ಬೈಪಾಸ್ ಮಾತ್ರ, ಉಳಿದವರಿಗೆ ಅದರ ಜೊತೆ ಹೃತ್ಕುಕ್ಷಿಯ ಆಕಾರ ತಿದ್ದುವ ಶಸ್ತ್ರಚಿಕಿತ್ಸೆ. ಆಕಾರ ತಿದ್ದಿಸಿಕೊಂಡವರ ಹೃತ್ಕುಕ್ಷಿಯ ಗಾತ್ರ ಶೇ 19ರಷ್ಟು ಇಳಿಯಿತು, ಇನ್ನೊಂದು ಗುಂಪಿನಲ್ಲಿ ಶೇ 6ರಷ್ಟು. ಎಂಜಿನಿಯರ್ ಬಯಸಿದ್ದು ಬಯಸಿದಂತೆಯೇ ಆಯಿತು. ಸಾವು, ಆಸ್ಪತ್ರೆವಾಸ? ಎರಡೂ ಗುಂಪಿನಲ್ಲಿ ಸಮ. ಈ ವಾಕ್ಯವನ್ನು ಇನ್ನೊಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ. ನೀವು ಕೆಲಸದಲ್ಲಿದ್ದಾಗ ನಕ್ಷೆ ಸುಂದರವಾಗಿದೆ ಎಂಬ ಕಾರಣಕ್ಕೆ ಪಂಪೊಂದನ್ನು ಒತ್ತಡ ಪರೀಕ್ಷೆ ಮಾಡದೆ ಕಾರ್ಖಾನೆಯಿಂದ ಹೊರಗೆ ಬಿಟ್ಟಿದ್ದೀರಾ? ಇಲ್ಲ ಎಂದು ನಾನೇ ನಿಮ್ಮ ಪರವಾಗಿ ಹೇಳಬಲ್ಲೆ.

ಇನ್ನು ನೀವು ‘ಎಣ್ಣೆ ಬದಲಿಸುವುದು’ ಎಂದು ತಳ್ಳಿಹಾಕಿದ ಮಾತ್ರೆಗಳ ಕಥೆ. ಬೀಟಾ ಬ್ಲಾಕರ್ ಹೃದಯದ ಬಡಿತ ಇಳಿಸುತ್ತದೆ, ಅದು ಸಂಕುಚಿಸುವ ಬಲವನ್ನೂ ತಗ್ಗಿಸುತ್ತದೆ. ಮೊದಲೇ ಸೋತ ಹೃದಯಕ್ಕೆ ಇದನ್ನು ಕೊಡುವುದು ಅಪರಾಧ ಎಂಬಂತೆ ವೈದ್ಯರು ಕಲಿತಿದ್ದರು, ಕಲಿಸುತ್ತಿದ್ದರು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳೇ ಏಳು ರೋಗಿಗಳಿಗೆ ಇದನ್ನು ಕೊಟ್ಟು, ಅವರು ಸುಧಾರಿಸಿದರೆಂದು ಬರೆದರು. ನಂಬಿದವರು ಕಡಿಮೆ. ತರ್ಕವೆಲ್ಲ ಎದುರು ಪಕ್ಷದಲ್ಲಿತ್ತು. ಎರಡು ದಶಕಕ್ಕೂ ಹೆಚ್ಚು ಕಾಲದ ಅನುಮಾನ ಕಳೆದು, 1999ರಲ್ಲಿ ಸುಮಾರು 4,000 ರೋಗಿಗಳ ಮೆರಿಟ್ ಪ್ರಯೋಗ ಬಂತು. ಬೀಟಾ ಬ್ಲಾಕರ್ ತೆಗೆದುಕೊಂಡವರಲ್ಲಿ ಸಾವು ಶೇ 34ರಷ್ಟು ಕಡಿಮೆ. ಲಾಭ ಎದ್ದು ಕಾಣುತ್ತಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ನಿಮಗೆ ಹಿಡಿಸಬಹುದಾದ ಸಂಗತಿಯೊಂದು ಇಲ್ಲಿದೆ: ಈ ಮಾತ್ರೆ ತೆಗೆದುಕೊಂಡವರಲ್ಲಿ ಅನೇಕರ ಹೃದಯ ಕೆಲವು ತಿಂಗಳಲ್ಲಿ ತಾನಾಗಿಯೇ ಚಿಕ್ಕದಾಗಿ, ಹಳೆಯ ಆಕಾರದತ್ತ ಮರಳಿತ್ತು. ಬಲೆ ತೊಡಿಸಿದವರಿಲ್ಲ, ಹೊಲಿದವರಿಲ್ಲ. ಕವಚ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುವ ಪಂಪನ್ನು ನೀವು ಕಂಡಿರಲಿಕ್ಕಿಲ್ಲ.

ಸಾಧನಗಳಲ್ಲೂ ಇಂಥದೊಂದಿದೆ. ಹೃದಯದ ಎಡ, ಬಲ ಭಾಗಗಳು ಹೊಂದಿಕೆ ತಪ್ಪಿ ಬಡಿಯುವಾಗ ಎರಡನ್ನೂ ಒಟ್ಟಿಗೆ ಬಡಿಯುವಂತೆ ಮಾಡುವ ವಿಶೇಷ ಪೇಸ್‌ಮೇಕರ್ ಅದು. ಗೋಡೆಯ ಆಕಾರದ ಗೊಡವೆಗೆ ಅದು ಹೋಗುವುದಿಲ್ಲ, ಬಡಿತದ ಹೊತ್ತನ್ನು ಮಾತ್ರ ಹೊಂದಿಸುತ್ತದೆ. ಹಾಗಿದ್ದೂ ಹೃದಯ ಕುಗ್ಗಿತು; 2005ರ ಕೇರ್ ಪ್ರಯೋಗದಲ್ಲಿ ಸಾವೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು.

ನಿಮ್ಮ ಪರಿಚಿತರು ಮೆಟ್ಟಿಲು ಹತ್ತುತ್ತಿರುವುದು ಸಂತೋಷ. ಆದರೆ ಮೆಟ್ಟಿಲನ್ನು ಸಾಕ್ಷಿಗೆ ಕರೆಯಬೇಡಿ. ಎದೆಯ ಒಳಗೋಡೆಯ ರಕ್ತನಾಳವೊಂದನ್ನು ಕಟ್ಟಿಬಿಟ್ಟರೆ ಹೃದಯಕ್ಕೆ ಹೆಚ್ಚು ರಕ್ತ ಹರಿಯುತ್ತದೆಂದು ನಂಬಿ ಎದೆನೋವಿನ ರೋಗಿಗಳಿಗೆ ಆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಕಾಲವೊಂದಿತ್ತು. ರೋಗಿಗಳು ನೋವು ಹೋಯಿತು ಎನ್ನುತ್ತಿದ್ದರು. 1959ರಲ್ಲಿ ಅಮೆರಿಕದ ಲೆನರ್ಡ್ ಕಾಬ್ ಮತ್ತು ಸಂಗಡಿಗರು 17 ರೋಗಿಗಳಲ್ಲಿ ಕೆಲವರಿಗೆ ನಾಳ ಕಟ್ಟಿ, ಉಳಿದವರಿಗೆ ಚರ್ಮವನ್ನಷ್ಟೇ ಕುಯ್ದು ಹೊಲಿದರು. ಚರ್ಮ ಕುಯ್ಸಿಕೊಂಡವರೂ ಅಷ್ಟೇ ಸುಧಾರಿಸಿದರು. ಇದಕ್ಕೆ ವ್ಯತಿರಿಕ್ತವಾದ, ನನಗೆ ಇನ್ನೂ ಒಗಟಾಗಿರುವ ಫಲಿತಾಂಶವೊಂದು 2024ರಲ್ಲಿ ಬಂತು. ಹೃದಯದ ಮುಖ್ಯ ಅಭಿಧಮನಿಯನ್ನು ನಡುವೆ ಕಿರಿದು ಮಾಡಿ, ರಕ್ತ ಕೊರತೆಯಿರುವ ಸ್ನಾಯುವಿಗೆ ಹರಿವು ಹೆಚ್ಚಿಸಲೆಂದು ಮಾಡಿದ ಲೋಹದ ಜಾಲರಿಯನ್ನು 51 ರೋಗಿಗಳಲ್ಲಿ ಪರೀಕ್ಷಿಸಿದರು. ಹಾಕಿದಂತೆ ನಟಿಸಿದ ಗುಂಪೂ ಇತ್ತು. ಹರಿವು ಹೆಚ್ಚಲಿಲ್ಲ. ಎದೆನೋವು ಮಾತ್ರ ನಟನೆಯ ಗುಂಪಿಗಿಂತ ಕಡಿಮೆಯಾಯಿತು!

ನಿಮ್ಮ ಪಕ್ಷಕ್ಕೆ ಸಲ್ಲಬೇಕಾದ್ದನ್ನೂ ಸಲ್ಲಿಸುತ್ತೇನೆ. ಸೋರುವ ಮೈಟ್ರಲ್ ಕವಾಟದ ಎರಡು ಎಸಳುಗಳನ್ನು ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆಯ (ಕ್ಯಾಥೆಟರ್) ಮೂಲಕ ಹೋಗಿ ನಡುವೆ ಕಚ್ಚಿ ಹಿಡಿಸುವ ಕ್ಲಿಪ್ 2018ರಲ್ಲಿ ಎರಡು ಪರೀಕ್ಷೆ ಎದುರಿಸಿತು. ಫ್ರಾನ್ಸಿನ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಅಮೆರಿಕದ ನೇತೃತ್ವದ 614 ರೋಗಿಗಳ ಪ್ರಯೋಗದಲ್ಲಿ ಎರಡು ವರ್ಷದೊಳಗಿನ ಸಾವು ಶೇ 46ರಿಂದ 29ಕ್ಕೆ ಇಳಿಯಿತು. ಇದು ದೊಡ್ಡ ಗೆಲುವು. ಆದರೆ ಆ ಎರಡನೆಯ ಪ್ರಯೋಗಕ್ಕೆ ಸೇರಬೇಕಾದರೆ ರೋಗಿ ತಾಳಬಲ್ಲಷ್ಟು ಮಾತ್ರೆಗಳನ್ನು ಮೊದಲೇ ಪೂರ್ತಿ ತೆಗೆದುಕೊಳ್ಳುತ್ತಿರಬೇಕಿತ್ತು ಎಂಬುದನ್ನು ನಾನು ಹೇಳದೆ ಬಿಡಲಾರೆ.

ಹೊಸತಕ್ಕೆ ಪತ್ರಿಕೆಗಳು ಹೆದರುತ್ತವೆ ಎಂದಿರಿ. ಹೆದರಿದ್ದರೆ ಎಷ್ಟು ಚೆನ್ನಾಗಿತ್ತು! ‘ವಿಶ್ವದಲ್ಲೇ ಮೊದಲು’, ‘ವೈದ್ಯಲೋಕದ ಪವಾಡ’ ಎಂಬ ತಲೆಬರಹ, ಹೂಗುಚ್ಛ ಹಿಡಿದು ಮಂಚದ ಮೇಲೆ ನಗುವ ರೋಗಿ, ಕೈಕಟ್ಟಿ ನಿಂತ ವೈದ್ಯರ ತಂಡ: ಇದು ಅಳವಡಿಸಿದ ಮೂರನೆಯ ದಿನದ ಸುದ್ದಿ. ಮೂರನೆಯ ವರ್ಷದ ಸುದ್ದಿಯನ್ನು ಬರೆಯಲು ಯಾರೂ ಬರುವುದಿಲ್ಲ. ಸೋತ ಪ್ರಯೋಗಕ್ಕೆ ಪತ್ರಿಕಾಗೋಷ್ಠಿ ಇರುವುದಿಲ್ಲ, ಇದ್ದರೂ ನಮ್ಮ ವರದಿಗಾರರು ಹೋಗುವುದಿಲ್ಲ, ಹೋಗಿ ಬರೆದರೂ ಓದುಗರು ಪುಟ ತಿರುವುತ್ತಾರೆ.

ಕೆಲವು ಸಾಧನಗಳಿಗೆ ಸೋಲುವ ಭಾಗ್ಯವೂ ಸಿಗಲಿಲ್ಲ. ಹೃತ್ಕುಕ್ಷಿಯ ಎದುರುಬದುರು ಗೋಡೆಗಳನ್ನು ದಾರದಿಂದ ಹತ್ತಿರಕ್ಕೆ ಎಳೆಯುವ ಕೋಆಪ್ಸಿಸ್ ಸಾಧನದ ಪ್ರಯೋಗ ಹಣ ಸಾಲದೆ ಅರ್ಧಕ್ಕೆ ನಿಂತಿತು. ಸಿಕ್ಕಷ್ಟು ಲೆಕ್ಕದಲ್ಲಿ ಬದುಕುಳಿದವರು ಸಾಧನದ ಕಡೆಯೇ ಹೆಚ್ಚಿದ್ದರು. ಅದು ನಿಜವೋ ಆಕಸ್ಮಿಕವೋ ತೀರ್ಮಾನಿಸುವಷ್ಟು ರೋಗಿಗಳೇ ಸೇರಿರಲಿಲ್ಲ. ಹೃತ್ಕುಕ್ಷಿಯ ಸತ್ತ ತುದಿಭಾಗವನ್ನು ಪುಟ್ಟ ಪರದೆಯಿಂದ ಬೇರ್ಪಡಿಸುವ ಪ್ಯಾರಾಶೂಟ್ ಎಂಬ ಸಾಧನದ ಕೆಲಸವೂ 2017ರಲ್ಲಿ ನಿಂತುಹೋಯಿತು. ಪ್ರಯೋಗ ನಿಲ್ಲುತ್ತದೆ, ಸಾಧನ ಎದೆಯೊಳಗೇ ಉಳಿಯುತ್ತದೆ. ಅಂಥವರನ್ನು ಹತ್ತು ವರ್ಷದ ಮೇಲೆ ನೋಡುವವರು ಯಾರು, ಅವರ ಕಡತ ಯಾರ ಬೀರುವಿನಲ್ಲಿದೆ, ಸಾಧನಕ್ಕೆ ಏನಾದರೂ ಆದರೆ ಅದರ ಒಳಹೊರಗು ಬಲ್ಲವರನ್ನು ಎಲ್ಲಿ ಹುಡುಕಬೇಕು? ಅಂಥ ಸಾಧನ ಹೊತ್ತವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ಆ ಪತ್ರಕ್ಕೆ ಪುಟದ ಮಿತಿ ಇರುವುದಿಲ್ಲ.