ಮಗಳ ಜೊತೆ ಕನ್ನಡ ನಿಲ್ಲಿಸಬೇಡಿ, ಸೊಂಟದ ಎಕ್ಸ್‌ರೇ ಮರೆಯಬೇಡಿ

ನೀವು ಊರು ಬಿಟ್ಟು ಈ ದೇಶಕ್ಕೆ ಬಂದು ಮೂರು ತಿಂಗಳಾಗಿದೆ, ಮಗಳಿಗೆ ನಾಲ್ಕು ವರ್ಷ, ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿಗಾದ ಪೆಟ್ಟಿನಿಂದ ಕೈಕಾಲು ಹಿಡಿತಕ್ಕೆ ಸಿಗದ ತೊಂದರೆ. ಇಲ್ಲಿನ ಜೀವನ ಹೇಗೆ, ಇಲ್ಲಾದರೂ ಇದು ಗುಣವಾಗುತ್ತದಾ, ಮನೆಯಲ್ಲಿ ಕನ್ನಡ ಬಿಟ್ಟುಬಿಡಬೇಕಾ, ನನ್ನ ತಪ್ಪಿನಿಂದಲೇ ಹೀಗಾಯಿತಾ ಅಂತ ಕೇಳಿದ್ದೀರಿ. ನಾವು ಬಂದು 14 ವರ್ಷ ಆಯಿತು. ಬಂದಾಗ ನನ್ನ ಮಗನಿಗೆ ಎರಡು ವರ್ಷ, ಅವನಿಗೂ ಇದೇ ಇದೆ.

ಗುಣದ ಮಾತು ಮೊದಲು ಹೇಳಿಬಿಡುತ್ತೇನೆ. ಇಲ್ಲ, ಯಾವ ದೇಶದಲ್ಲೂ ಇಲ್ಲ. ಬೆಳೆಯುತ್ತಿರುವ ಮೆದುಳಿಗೆ ಹೊಟ್ಟೆಯಲ್ಲಿದ್ದಾಗಲೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ದಿನಕ್ಕೋ ಆದ ಪೆಟ್ಟು ಅದು. ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಹಾಕಿ ಮಗು ನಡೆಯುವ ಹಾಗೆ ಮಾಡುತ್ತೇವೆ ಅಂತ ಕರೆಯುವವರು ಸಿಗುತ್ತಾರೆ, ಅವರಿಗೆ ದುಡ್ಡು ಸುರಿಯಬೇಡಿ.

ನಿಮ್ಮ ತಪ್ಪಲ್ಲ. 1861ರಲ್ಲಿ ಲಂಡನ್ನಿನ ಡಾಕ್ಟರ್ ವಿಲಿಯಂ ಲಿಟಲ್ ಇದನ್ನು ಕಷ್ಟದ ಹೆರಿಗೆಯ ಜೊತೆ ಸೇರಿಸಿ ವಿವರಿಸಿದರು, ಆ ಮಾತು ಇವತ್ತಿಗೂ ತಾಯಂದಿರ ಬೆನ್ನು ಬಿಟ್ಟಿಲ್ಲ. ಮೆದುಳಿನ ತೊಂದರೆ ಮೊದಲೇ ಇದ್ದು ಅದರಿಂದಲೇ ಹೆರಿಗೆ ಕಷ್ಟವಾಗಿರಬಹುದಲ್ಲ ಅಂತ 1897ರಲ್ಲೇ ಸಿಗ್ಮಂಡ್ ಫ್ರಾಯ್ಡ್ ಹೇಳಿದ್ದರು. ಹೌದು, ಮನೋವಿಶ್ಲೇಷಣೆಗೆ ಹೆಸರಾದ ಅದೇ ಫ್ರಾಯ್ಡ್. ಎಷ್ಟೋ ಮಕ್ಕಳಲ್ಲಿ ಹೆರಿಗೆ ನೋವು ಶುರುವಾಗುವ ಮೊದಲೇ ಆಗಬೇಕಾದ್ದು ಆಗಿರುತ್ತದೆ.

ಮೆದುಳಿಗಾದ ಪೆಟ್ಟು ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಮಗು ಬೆಳೆಯುತ್ತದೆ ಅಲ್ವಾ, ಕಷ್ಟ ಇರುವುದು ಅಲ್ಲೇ. ಮೂಳೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಅದರ ಸಮಕ್ಕೆ ಬೆಳೆಯುವುದಿಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಸೊಂಟದ ಕೀಲು ಸ್ವಲ್ಪಸ್ವಲ್ಪವೇ ಜಾರುತ್ತದೆ, ಶುರುವಿನಲ್ಲಿ ನೋವೇ ಇರುವುದಿಲ್ಲ. ಹೊಸದಾಗಿ ಬಂದಾಗ ಮನೆ, ಕೆಲಸ, ಕಾಗದಪತ್ರ ಅಂತ ಓಡಾಡುತ್ತಾ ನಾವು ಎರಡು ವರ್ಷ ಎಕ್ಸ್‌ರೇ ಮಾಡಿಸಲಿಲ್ಲ. ಆಸ್ಪತ್ರೆಯವರೂ ಕರೆಯಲಿಲ್ಲ. ಏಳನೇ ವಯಸ್ಸಿಗೆ ಅವನಿಗೆ ದೊಡ್ಡ ಆಪರೇಷನ್ ಆಯಿತು, ಆರು ವಾರ ಪ್ಲಾಸ್ಟರ್‌ನಲ್ಲಿ ಮಲಗಿದ್ದ. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸೊಂಟದ ಎಕ್ಸ್‌ರೇ ಯಾವಾಗ ಅಂತ ಮೊದಲ ಅಪಾಯಿಂಟ್‌ಮೆಂಟ್‌ನಲ್ಲೇ ಬಾಯಿಬಿಟ್ಟು ಕೇಳಿ. ಎಷ್ಟನೇ ವಾರಕ್ಕೆ ಹುಟ್ಟಿದಳು, ತೂಕ ಎಷ್ಟಿತ್ತು, ಎಂಆರ್‌ಐ ರಿಪೋರ್ಟ್, ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ಆಸ್ಪತ್ರೆಯವರು ಒಂದರಿಂದ ಐದರವರೆಗೆ ಒಂದು ಲೆವೆಲ್ ಹೇಳುತ್ತಾರೆ, ಗಾಬರಿಯಾಗಬೇಡಿ. ಅದು ಮಗು ಹೇಗೆ ಕೂರುತ್ತದೆ, ನಡೆಯುತ್ತದೆ ಅನ್ನುವುದರ ಲೆಕ್ಕ. ಅದು ಬುದ್ಧಿಯನ್ನು ಅಳೆಯುವ ಲೆಕ್ಕ ಅಲ್ಲ. ಇದು ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಬುದ್ಧಿಯ ತೊಂದರೆ ಇರುವುದೇ ಇಲ್ಲ, ಆದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ, ಮಾತಾಡದವರನ್ನು ಕಂಡರೆ ಜನ ಇವರಿಗೇನೂ ಅರ್ಥವಾಗಲ್ಲ ಅಂದುಕೊಂಡುಬಿಡುತ್ತಾರೆ.

ದಿನನಿತ್ಯದ್ದು ಕೈಗೆ ಕೂರಲು ಟೈಮ್ ಬೇಕು. ಅಂಗಿ ಹಾಕುವಾಗ ಜಾಸ್ತಿ ಬಿಗಿ ಇರುವ ಕೈ ಮೊದಲು ತೂರಿಸಿ, ಬಿಚ್ಚುವಾಗ ಅದು ಕೊನೆಗೆ. ಎಳೆಯಬೇಡಿ, ಎಳೆದಷ್ಟೂ ಕೈ ಇನ್ನೂ ಗಟ್ಟಿಯಾಗುತ್ತದೆ. ಅಂಗೈಯಲ್ಲಿ ಮೊಣಕೈ ಹಿಡಿದು ಸುಮ್ನೆ ಕಾಯಿರಿ, ತಾನೇ ಸಡಿಲ ಬಿಡುತ್ತದೆ. ಕಾಲಿನ ಸ್ಪ್ಲಿಂಟ್ (ಕಾಲನ್ನು ಸರಿಯಾಗಿ ಹಿಡಿದಿಡುವ ಗಟ್ಟಿ ಪಟ್ಟಿ) ಬಿಚ್ಚಿದ ಮೇಲೆ ಕೆಂಪು ಗುರುತು ನೋಡಿ. ಇಪ್ಪತ್ತು ನಿಮಿಷ ಕಳೆದರೂ ಹೋಗದಿದ್ದರೆ ಅದು ಒತ್ತುತ್ತಿದೆ, ಸರಿ ಮಾಡಿಸಬೇಕು. ಬಾಗಿಲು ಧಡ್ ಅಂದರೆ ಮೈಯೆಲ್ಲ ಬೆಚ್ಚುವುದು ಅವಳ ಹಟ ಅಲ್ಲ.

ಇಲ್ಲಿನ ಜೀವನ ಅಂದರೆ, ರ‍್ಯಾಂಪ್ ಇದೆ, ವೀಲ್‌ಚೇರ್ ಹತ್ತುವ ಬಸ್ ಇದೆ. ಆದರೆ ಕೇಳದೆ ಏನೂ ಸಿಗುವುದಿಲ್ಲ, ಕೇಳಿದ ಮೇಲೂ ತಿಂಗಳುಗಟ್ಟಲೆ ಕಾಯಬೇಕು. ಎತ್ತಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೊತೆ ಕೈ ಇರುವುದಿಲ್ಲ. ನನ್ನ ಸೊಂಟ ಹಿಡಿದ ಮೇಲೆ ಎತ್ತುವ ಯಂತ್ರಕ್ಕೆ ಅರ್ಜಿ ಹಾಕಿದೆ, ನೀವು ಮೊದಲೇ ಹಾಕಿ.

ಕನ್ನಡದ ವಿಷಯ. ಒಬ್ಬ ಥೆರಪಿಸ್ಟ್ ನಮಗೂ ಹೇಳಿದ್ದರು, ಎರಡು ಭಾಷೆ ಅವನಿಗೆ ಭಾರ, ಒಂದೇ ಇರಲಿ ಅಂತ. ನಂಬಿದೆವು. ಫೋನಿನಲ್ಲಿ ಅಜ್ಜಿಯ ಮುಖ ಕಂಡರೆ ಕೇಕೆ ಹಾಕುತ್ತಿದ್ದವನು ಎರಡು ವರ್ಷದಲ್ಲಿ ಸುಮ್ಮನೆ ನೋಡುವ ಹಾಗಾದ. ಎರಡು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುತ್ತದೆ ಅನ್ನುವುದು ನಿಜ ಅಲ್ಲ ಅಂತ ಆಮೇಲೆ ಇನ್ನೊಬ್ಬರು ಕೂರಿಸಿಕೊಂಡು ಹೇಳಿದರು. ಅವತ್ತು ರಾತ್ರಿಯಿಂದಲೇ ಮತ್ತೆ ಕನ್ನಡ ಶುರು ಮಾಡಿದೆವು.

ಈಗ ಅವನು ಕಣ್ಣಿನಿಂದ ನೋಡಿ ಪದ ಆರಿಸುವ ಯಂತ್ರದಲ್ಲಿ ಮಾತಾಡುತ್ತಾನೆ. ಅದರಲ್ಲಿ ಕನ್ನಡದ ದನಿ ಇರಲಿಲ್ಲ, ಹಾಗಾಗಿ ಇನ್ನೂರು ಪದ ನಾನೇ ರೆಕಾರ್ಡ್ ಮಾಡಿದ್ದೆ. ಹೋದ ವರ್ಷ ಒಂದೊಂದೇ ಅಕ್ಷರ ಆರಿಸಿ ಹೇಳಿದ, ಅಮ್ಮನ ದನಿ ಬೇಡ, ಗಂಡಸಿನ ದನಿ ಬೇಕು ಅಂತ. ನನ್ನ ಅಣ್ಣನ ಮಗ ಎರಡು ಭಾನುವಾರ ಕೂತು ಎಲ್ಲವನ್ನೂ ಹೊಸದಾಗಿ ಓದಿ ಕಳಿಸಿದ.